ಮೊಲದ ಸಂಕರ: ಗಂಡಿನ ಗಾತ್ರವೊಂದೇ ಸಾಲದು

ಮಾನ್ಯ ಸಂಪಾದಕರೇ,

ಮಾಂಸ ಹೆಚ್ಚಬೇಕೆಂದರೆ ಭಾರೀ ಗಾತ್ರದ ಗಂಡು ಮೊಲ ತಂದು ಕೂಡಿಸಿ ಎಂಬ ಸಲಹೆ ಸಾಕಣೆದಾರರ ನಡುವೆ ಓಡಾಡುತ್ತಲೇ ಇದೆ. ಕೈ ಸುಡುವುದು ಇಂಥ ಅರೆಬರೆ ಸಲಹೆಯಿಂದಲೇ.

ಫ್ಲೆಮಿಶ್ ಜೈಂಟ್ ಎಂಬ ಭಾರೀ ತಳಿಯ ಮೊಲ 6 ಕಿಲೊ ದಾಟುವುದು ನಿಜ. ಆದರೆ ಅದು ಬಲಿಯುವುದು ನಿಧಾನ, ಎಲುಬು ದಪ್ಪ. ಮಾಂಸಕ್ಕೆ ಸಾಕಿದ ಮೊಲ 10–12 ವಾರಕ್ಕೇ ಕತ್ತಿಗೆ ಹೋಗುತ್ತದೆ. ಅಷ್ಟರಲ್ಲಿ ಈ ತಳಿ ಮೈ ತುಂಬಿಕೊಂಡಿರುವುದಿಲ್ಲ. ತಂತಿಯ ನೆಲದಲ್ಲಿ ಹಿಂಗಾಲಿನ ಅಡಿ ಹುಣ್ಣಾಗುವುದೂ ಭಾರದ ಮೊಲಕ್ಕೇ ಹೆಚ್ಚು. ಅದನ್ನು ಸಣ್ಣ ಹೆಣ್ಣಿಗೆ ಕೂಡಿಸಿ, ಎರಡೋ ಮೂರೋ ಮರಿ ಮಾತ್ರ ನಿಂತರೆ, ಮರಿ ದಪ್ಪವಾಗಿ ಹೆರಿಗೆಯಲ್ಲಿ ಸಿಕ್ಕಿಕೊಳ್ಳುವ ಅಪಾಯ ಬೇರೆ.

ಒಂದು ಸೂಲಿನ ಮರಿಗಳ ಸಂಖ್ಯೆ, ಮರಿ ಉಳಿಯುವುದು, ತಾಯ್ತನ ಇವೆಲ್ಲ ಒಂದೇ ತಳಿಯೊಳಗಿನ ಆಯ್ಕೆಯಿಂದ ಬಲು ನಿಧಾನವಾಗಿ ಸುಧಾರಿಸುವ ಗುಣಗಳು. ಸಂಕರದ ಹುರುಪು, ಅಂದರೆ ಎರಡು ತಳಿ ಬೆರೆತಾಗ ಮರಿಗಳು ಆ ತಳಿಗಳ ಸರಾಸರಿಗಿಂತ ಮೇಲಾಗುವುದು, ಎದ್ದು ಕಾಣುವುದು ಇಲ್ಲೇ. ಆದ್ದರಿಂದ ಲೆಕ್ಕ ಹೆಣ್ಣಿನಿಂದ ಶುರುವಾಗಬೇಕು. ನ್ಯೂಜಿಲೆಂಡ್ ವೈಟ್ ತಳಿಯ ಹೆಣ್ಣಿಗೆ ಸೊಂಟ, ತೊಡೆ ತುಂಬಿದ ಕ್ಯಾಲಿಫೋರ್ನಿಯನ್ ತಳಿಯ ಗಂಡು ಹಳೆಯ, ನಂಬಬಹುದಾದ ಜೋಡಿ. ಹುಟ್ಟಿದ ಮಿಶ್ರ ಹೆಣ್ಣನ್ನೇ ತಾಯಿ ಮಾಡಿ ಮೂರನೆಯ ತಳಿಯ ಗಂಡಿಗೆ ಕೂಡಿಸಿದರೆ ಇನ್ನೂ ಮೇಲು. ಆದರೆ ಮಿಶ್ರ ಅಣ್ಣ-ತಂಗಿಯರನ್ನೇ ಕೂಡಿಸುತ್ತ ಹೋದರೆ ಮುಂದಿನ ತಲೆಮಾರಿಗೇ ಹುರುಪು ಅರ್ಧಕ್ಕಿಳಿಯುತ್ತದೆ, ಒಳಸಂಬಂಧದ ದೋಷವೂ ಸೇರುತ್ತದೆ. ಒಂದೇ ಸೂಲಿನಲ್ಲಿ ಒಂದು ಮರಿ ದಪ್ಪ, ಇನ್ನೊಂದು ಪೀಚು. ಶುದ್ಧ ತಳಿಯ ಕೆಲವು ಜೋಡಿಗಳನ್ನು ಬೇರೆಯಾಗಿ ಉಳಿಸಿಕೊಳ್ಳದೆ ಗತಿಯಿಲ್ಲ.

ಕೂಡಿಸುವಾಗ ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ಯಬೇಕು. ತನ್ನ ಪಂಜರಕ್ಕೆ ಬಂದ ಗಂಡನ್ನು ಹೆಣ್ಣು ಕಚ್ಚುತ್ತದೆ. 12–14ನೇ ದಿನ ಕಿಬ್ಬೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ: ಬೆರಳ ನಡುವೆ ಮೆತ್ತಗೆ ಜಾರುವ ದ್ರಾಕ್ಷಿಯಂಥ ಗುಂಡುಗಳು ಮರಿಗಳು, ಸಣ್ಣಗೆ, ಗಟ್ಟಿಯಾಗಿ, ಬೆನ್ನೆಲುಬಿನ ಹತ್ತಿರ ಸಿಗುವವು ಹಿಕ್ಕೆ. ಒತ್ತಿದರೆ ಗಬ್ಬ ಹೋದೀತು. 28ನೇ ದಿನಕ್ಕೆ ಗೂಡುಪೆಟ್ಟಿಗೆ ಇಡಿ, 31ರ ಆಸುಪಾಸಿನಲ್ಲಿ ಮರಿ ಹಾಕುತ್ತದೆ.

ಸೆಕೆಗಾಲದಲ್ಲಿ ಗಬ್ಬ ನಿಲ್ಲದಿದ್ದರೆ ತಳಿಯನ್ನು ದೂರಬೇಡಿ. 30 ಡಿಗ್ರಿ ಮೇಲೆ ದಿನಗಟ್ಟಲೆ ಬೆಂದ ಗಂಡಿನ ವೀರ್ಯ ಸುಧಾರಿಸಲು ವಾರಗಳೇ ಬೇಕು.

ಸಂಕರ ಫಲಿಸಿತೇ ಎಂದು ತಿಳಿಯಲು ಮರಿ ಹುಟ್ಟಿದ 21ನೇ ದಿನ ಇಡೀ ಸೂಲಿನ ಮರಿಗಳನ್ನು ಒಟ್ಟಿಗೆ ತೂಗಿ. ಅಲ್ಲಿಯವರೆಗಿನ ತೂಕ ಹೆಚ್ಚುಕಡಿಮೆ ತಾಯಿಯ ಹಾಲಿನದೇ. ಅದೇ ಮೇವು ತಿಂದು ಅದೇ ತಿಂಗಳಲ್ಲಿ ಹುಟ್ಟಿದ ಶುದ್ಧ ತಳಿಯ ಮರಿಗಳ ಪಕ್ಕದಲ್ಲಿಟ್ಟು ಹೋಲಿಸಿ. ಕಿವಿಯಲ್ಲಿ ಹಚ್ಚೆ ಸಂಖ್ಯೆ, ಕೈಯಲ್ಲಿ ದಾಖಲೆ ಪುಸ್ತಕ ಇಲ್ಲದಿದ್ದರೆ ಯಾವ ಮರಿ ಯಾವ ಜೋಡಿಯದೆಂದು ಎರಡನೇ ಸೂಲಿಗೇ ಮರೆತುಹೋಗುತ್ತದೆ.

ಇಂತಿ,
ಒಬ್ಬ ಮೊಲ ಸಾಕಣೆದಾರ