ಸ್ಪೀಡ್ ಇಲ್ಲ ಅಂತ ಹುಡುಗ್ರನ್ನ ವಾಪಸ್ ಕಳಿಸ್ಬೇಡ ಕಣೋ

ಗೆಳೆಯಾ,

ನಿನ್ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಭುಜದ ನೋವಿಗೆ ಬೌಲಿಂಗ್ ಬಿಟ್ಟೆ, ಸರಿ. ಆದ್ರೆ ಬೀದಿ ಹುಡುಗ್ರು ಬಂದು ಹೇಳ್ಕೊಡಿ ಅಂದಾಗ "ನಾನೇನ್ ಅಂಥಾ ಸ್ಪೀಡ್ ಬೌಲರ್ರಾ" ಅಂತ ವಾಪಸ್ ಕಳಿಸಿದ್ಯಲ್ಲ, ಅದು ನಂಗೆ ತಡ್ಕೊಳಕ್ಕಾಗ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ ವೆಂಕಟೇಶ್ ಪ್ರಸಾದ್‌ನ ನೆನಪು ಮಾಡ್ಕೋ. ಜನ ಎಲ್ಲಾ 1996ರ ವರ್ಲ್ಡ್ ಕಪ್‌ನ ಚಿನ್ನಸ್ವಾಮಿ ಮ್ಯಾಚಿಗೇ ನಿಂತ್‌ಬಿಡ್ತಾರೆ, ಪಾಕಿಸ್ತಾನದ ಸೊಹೈಲ್ ಇವರ ಬಾಲಿಗೆ ಫೋರ್ ಹೊಡ್ದು ಬ್ಯಾಟಲ್ಲಿ ಬೌಂಡ್ರಿ ಕಡೆ ತೋರ್ಸಿದ್ದು, ಮುಂದಿನ ಬಾಲಿಗೇ ಆಫ್ ಸ್ಟಂಪ್ ಹಾರಿದ್ದು. ನಂಗೂ ಅದು ಪ್ರಾಣ. ಆದ್ರೆ ಆ ಕಡೆ ಎಂಡಿಂದ ಶ್ರೀನಾಥ್ ಬೆಂಕಿ ಥರ ಹಾಕ್ತಿರ್ಬೇಕಾದ್ರೆ ಈ ಮನುಷ್ಯ ಅಷ್ಟು ಸ್ಪೀಡ್ ಇಲ್ದೇನೇ ಬೆರಳಿಂದ ಚೆಂಡಿನ ಹೊಲಿಗೆನ, ಅಂದ್ರೆ ಸೀಮ್‌ನ, ಪಕ್ಕಕ್ಕೆಳ್ದು ಬಿದ್ಮೇಲೆ ಹೊರಗಡೆ ತಿರುಗೋ ಲೆಗ್ ಕಟರ್ ಬಿಟ್ಕೊಂಡು, ನಡುವೆ ಒಂದು ಸ್ಲೋ ಬಾಲ್ ಸೇರ್ಸಿ 33 ಟೆಸ್ಟಲ್ಲಿ 96 ವಿಕೆಟ್ ತಗೊಂಡ್ರು. ಅದೇ 1996ರಲ್ಲಿ ಸೌತ್ ಆಫ್ರಿಕಾದ ಡರ್ಬನ್‌ನಲ್ಲಿ ನಮ್ಮವರು 100ಕ್ಕೆ, 66ಕ್ಕೆ ಆಲೌಟ್, ಅಂಥ ಟೆಸ್ಟಲ್ಲಿ ಪ್ರಸಾದ್ ಎರಡೂ ಇನಿಂಗ್ಸಲ್ಲಿ ಐದೈದು ವಿಕೆಟ್ ಕಿತ್ರು. 1999ರಲ್ಲಿ ಚೆನ್ನೈಲಿ ಪಾಕಿಸ್ತಾನ 275ಕ್ಕೆ 4 ಇದ್ದಿದ್ದು 286ಕ್ಕೆ ಮುಗೀತು, ಪ್ರಸಾದ್ 33 ರನ್ನಿಗೆ 6. ಮ್ಯಾಚ್ 12 ರನ್ನಲ್ಲಿ ಸೋತ್ವಿ, ಆ ಸ್ಪೆಲ್ ಯಾರ ಬಾಯಲ್ಲೂ ಉಳೀಲಿಲ್ಲ, ಈಗ್ಲೂ ಸಂಕಟ ಆಗುತ್ತೆ ನಂಗೆ.

ಈಗ ಕೋಚಿಂಗ್ ವಿಷ್ಯ. 2007ರಲ್ಲಿ ಪ್ರಸಾದ್ ಇಂಡಿಯಾ ಟೀಮಿನ ಬೌಲಿಂಗ್ ಕೋಚ್ ಆದ್ರು. ಆ ಸೆಪ್ಟೆಂಬರ್‌ನಲ್ಲಿ ಟಿ20 ವರ್ಲ್ಡ್ ಕಪ್, ಅದೇ ಡರ್ಬನ್, ಪಾಕಿಸ್ತಾನದ ಜೊತೆ 141ಕ್ಕೆ ಟೈ, ಗೆದ್ದೋರು ಯಾರು ಅಂತ ತೀರ್ಮಾನ ಮಾಡಕ್ಕೆ ಬೌಲ್ ಔಟ್. ಬ್ಯಾಟ್ಸ್‌ಮನ್ ಇಲ್ದಿರೋ ಖಾಲಿ ಸ್ಟಂಪಿಗೆ ಚೆಂಡು ಹಾಕೋದೇನ್ ಮಹಾ ಅನ್ಸುತ್ತೆ, ಆದ್ರೆ ಗುಲ್, ಅರಾಫತ್, ಅಫ್ರಿದಿ ಮೂರೂ ಜನ ಮಿಸ್ ಮಾಡಿದ್ರು. ನಮ್ ಕಡೆ ಸೆಹ್ವಾಗ್, ಹರ್ಭಜನ್, ಆಮೇಲೆ ಬೌಲರ್ರೇ ಅಲ್ಲದ ನಮ್ಮ ಕೊಡಗಿನ ಉತ್ತಪ್ಪ, ಮೂರಕ್ಕೆ ಮೂರು! ಧೋನಿ ಸ್ಟಂಪ್ ಹಿಂದೆ ನೇರಕ್ಕೆ ಮಂಡಿಯೂರಿ ಕೂತಿದ್ರು, ಅವರನ್ನೇ ಗುರಿ ಇಟ್ಟು ಹಾಕಿದ್ರೆ ಸಾಕಿತ್ತು. ಯಾಕಂದ್ರೆ ಪ್ರಾಕ್ಟೀಸಲ್ಲಿ ಪ್ರಸಾದ್ ಇದನ್ನೇ ಮಾಡಿಸಿದ್ರು ಕಣೋ. ಸ್ಪೀಡ್ ಇದ್ದೋನು ಸ್ಪೀಡನ್ನ ನಂಬ್ಕೊಂಡಿರ್ತಾನೆ, ಇಲ್ದೋನು ಒಂದೊಂದು ಬಾಲ್‌ಗೂ ಮುಂಚೆ ಯೋಚ್ನೆ ಮಾಡಿರ್ಬೇಕು, ಆ ಯೋಚ್ನೆನೇ ಇನ್ನೊಬ್ರಿಗೆ ಕೊಡಕ್ಕಾಗೋದು.

ಆಮೇಲೆ 2008ರ ಪರ್ತ್, ಇಶಾಂತ್ ಆ ಎಳೇ ವಯಸ್ಸಲ್ಲಿ ಆಸ್ಟ್ರೇಲಿಯಾ ಕ್ಯಾಪ್ಟನ್ ಪಾಂಟಿಂಗ್‌ನ ಕಾಡಿದ್ದು, ಆಗ್ಲೂ ಇವರೇ ಬೌಲಿಂಗ್ ಕೋಚ್. 2009ರಲ್ಲಿ ತೆಗೆದ್ರು, ಅದು ನಂಗೆ ಇವತ್ತಿಗೂ ಸರಿ ಅನ್ಸಿಲ್ಲ.

ನಿನ್ನ ಆಫ್ ಕಟರ್‌ಗೆ ನಾನು ಎಷ್ಟು ಸಲ ಔಟಾಗಿದೀನಿ ಹೇಳು, ಬೆರಳು ಹೆಂಗ್ ಇಡ್ಬೇಕು ಅಂತ ಕಾಂಪೌಂಡ್ ಮೇಲೆ ಕೂತು ತೋರ್ಸಿದ್ದೂ ನೀನೇ. ಆ ಹುಡುಗ್ರನ್ನ ಮತ್ತೆ ಕರಿ. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೂ ಬರ್ತೀನಿ, ಮನೇಲಿ ನಾಲ್ಕು ಹಳೇ ಲೆದರ್ ಬಾಲ್ ಇದಾವೆ, ತರ್ತೀನಿ.

ನಿನ್ನ ಗೆಳೆಯ