ಹೋಂವರ್ಕ್ ಕೊಡುವ ಶಾಲೆಯೇ ಸಹಾಯವನ್ನೂ ಕೊಡಲಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಹೋಂವರ್ಕ್ ಕೊಡುತ್ತಾರೆ. ಮಾಡುವಾಗ ಏನಾದರೂ ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಓದಿದವರಿದ್ದರೆ ಅವರು ಹೇಳಿಕೊಡುತ್ತಾರೆ. ದುಡ್ಡಿದ್ದರೆ ಟ್ಯೂಷನ್ ಇದೆ. ಎರಡೂ ಇಲ್ಲದ ಮಗು ಗೈಡ್ ನೋಡಿ ಬರೆಯುತ್ತದೆ, ಇಲ್ಲವೇ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಗೆಳೆಯರ ನೋಟ್‌ಬುಕ್ ಇಸ್ಕೊಂಡು ಗಡಿಬಿಡಿಯಲ್ಲಿ ಕಾಪಿ ಮಾಡುತ್ತದೆ, ಅದೂ ಆಗದಿದ್ದರೆ ತರಗತಿಯಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲುತ್ತದೆ. ಒಂದೇ ಲೆಕ್ಕ, ಒಂದೇ ಪಾಠ. ಆದರೆ ಮನೆಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಮಾರ್ಕ್ಸ್ ಬೀಳುತ್ತಿದೆ.

ನಾನು ಶಿಕ್ಷಕಿ ಅಲ್ಲ. ನನ್ನ ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಅಕ್ಕಪಕ್ಕದ ಮನೆಯ ಮಕ್ಕಳ ಜೊತೆ ಕೂತು ಅವರ ಹೋಂವರ್ಕ್ ನೋಡುತ್ತೇನೆ. ಹೀಗೆ ಕೂತು ಕೂತು ನನಗೆ ಖಾತ್ರಿಯಾಗಿರುವುದು ಒಂದೇ ವಿಷಯ. ಈ ಮಕ್ಕಳಲ್ಲಿ ಜಾಸ್ತಿ ಜನ ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಸಿಕ್ಕಿಕೊಂಡ ಜಾಗದಲ್ಲಿ ಪಕ್ಕದಲ್ಲಿ ಒಬ್ಬರು ಇರಲಿಲ್ಲ, ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ನಾಲ್ಕನೇ ತರಗತಿಯ ಹುಡುಗಿಯ ನೋಟ್‌ಬುಕ್. ಕಳೆಯುವ ಲೆಕ್ಕ: 502ರಲ್ಲಿ 178 ಕಳೆದರೆ ಎಷ್ಟು? ಅವಳು 476 ಅಂತ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಇಂಕಿನ ಇಂಟು ಮಾರ್ಕ್. ಕೆಳಗಿನ ಲೆಕ್ಕಗಳಿಗೂ ಸಾಲಾಗಿ ಇಂಟು. ಕೊನೆಗೆ 'ಗಮನವಿಟ್ಟು ಮಾಡು' ಅಂತ ಒಂದು ಸಾಲು. ಇದು ಹೇಗೆ ಬಂತು ಪುಟ್ಟಿ ಅಂತ ಕೇಳಿದೆ. 'ಎರಡರಲ್ಲಿ ಎಂಟು ಹೋಗಲ್ಲ ಅಲ್ವಾ ಆಂಟಿ, ಅದಕ್ಕೇ ಎಂಟರಲ್ಲಿ ಎರಡು ಕಳೆದೆ' ಅಂದಳು. ಅಂದರೆ ಅವಳು ಗಮನವಿಟ್ಟೇ ಮಾಡಿದ್ದಳು. ಬಿಡಿ, ಹತ್ತು, ನೂರು ಅಂತ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಅಂತ ತನಗೆ ತಾನೇ ಒಂದು ನಿಯಮ ಮಾಡಿಕೊಂಡು, ಅದನ್ನು ಎಲ್ಲಾ ಲೆಕ್ಕಕ್ಕೂ ಬಹಳ ನಿಷ್ಠೆಯಿಂದ ಹಚ್ಚಿದ್ದಳು. ತಪ್ಪು ಹತ್ತಾರು ಇರಲಿಲ್ಲ, ಒಂದೇ ಇತ್ತು.

ಕಡ್ಡಿ ತಂದು ಕೂತೆವು. ನೂರಕ್ಕೆ, ಹತ್ತಕ್ಕೆ, ಬಿಡಿಗೆ ಬೇರೆ ಬೇರೆ ಉದ್ದದ ಕಡ್ಡಿ. ಬಿಡಿ ಎರಡೇ ಇದೆ, ಎಂಟು ಕೊಡಬೇಕು, ಹತ್ತರ ಕಡ್ಡಿ ಒಂದೂ ಇಲ್ಲ, ಈಗ ಏನು ಮಾಡೋಣ? ಅವಳು ಸುಮಾರು ಹೊತ್ತು ಕಡ್ಡಿಗಳನ್ನೇ ನೋಡಿದಳು. ಆಮೇಲೆ ನೂರರ ಒಂದು ಕಡ್ಡಿ ಎತ್ತಿ ನನ್ನ ಕೈಗೆ ಕೊಟ್ಟು, ಇದಕ್ಕೆ ಹತ್ತರದ್ದು ಹತ್ತು ಕೊಡಿ ಅಂದಳು. ಆ ಹತ್ತರಲ್ಲಿ ಒಂದನ್ನು ಮತ್ತೆ ನನಗೇ ಕೊಟ್ಟು ಹತ್ತು ಬಿಡಿ ತೆಗೆದುಕೊಂಡಳು. ಈಗ ನೂರು ನಾಲ್ಕು, ಹತ್ತು ಒಂಬತ್ತು, ಬಿಡಿ ಹನ್ನೆರಡು. ಅದರಲ್ಲಿ ಒಂದು, ಏಳು, ಎಂಟು ತೆಗೆದರೆ ಉಳಿಯುವುದು 324. ಉತ್ತರ ನಾನು ಹೇಳಲಿಲ್ಲ. ಉಳಿದ ಲೆಕ್ಕಗಳನ್ನು ಅವಳೇ ರಬ್ಬರ್ ಹಾಕಿ ಉಜ್ಜಿ ಮತ್ತೆ ಮಾಡಿದಳು.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ ಸಚಿವರೇ. ಹೇಗೆ ಬಂತು ಅಂತ ಕೇಳುವ ಒಬ್ಬರು ಬೇಕು, ಮತ್ತು ಉತ್ತರ ಬರುವವರೆಗೆ ಕಾಯುವ ತಾಳ್ಮೆ ಬೇಕು. ನಾನು ಈ ಪತ್ರದಲ್ಲಿ ಕೇಳುತ್ತಿರುವುದೂ ಅದನ್ನೇ: ಪಾಠ ಮುಗಿದ ಮೇಲೆ, ಮನೆಗೆ ಹೋಗುವ ಮುಂಚೆ, ಶಾಲೆಯಲ್ಲೇ, ಹೋಂವರ್ಕ್ ಮಾಡಲಿಕ್ಕೆ ಒಂದು ಗಂಟೆ. ಅಲ್ಲಿ ಮಕ್ಕಳಿಗೆ ಸಹಾಯ ಮಾಡಲು ಒಬ್ಬ ದೊಡ್ಡವರು. ಪೂರ್ತಿ ಉಚಿತ.

ಕಾನೂನಿನಲ್ಲಿ ಇದಕ್ಕೆ ಜಾಗ ಇದೆಯಾ ಅಂತ ಯಾರಾದರೂ ಕೇಳಬಹುದು. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ, ಬೇಕಾದರೆ ಹೆಚ್ಚುವರಿಯಾಗಿ ಹೇಳಿಕೊಡಬೇಕು ಅನ್ನುವುದು ಅದರಲ್ಲೇ ಇದೆ. ಅದೇ ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ಅರ್ಥವಾಗುವುದು ಇಷ್ಟು: ಹೆಚ್ಚಿನ ಸಹಾಯ ಬೇಕಾದ ಮಗುವಿಗೆ ಅದು ಶಾಲೆಯಲ್ಲೇ, ದುಡ್ಡಿಲ್ಲದೆ ಸಿಗಬೇಕು. ಆದರೆ ಆ ಹೆಚ್ಚುವರಿ ಹೊತ್ತು ಟೈಮ್ ಟೇಬಲ್‌ನಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಹತ್ತನೇ ತರಗತಿಗೆ ವಿಶೇಷ ತರಗತಿ ಮಾಡುತ್ತಾರೆ, ಒಳ್ಳೆಯದೇ. ನಾಲ್ಕನೇ ತರಗತಿಯಲ್ಲಿ ಕಳೆಯುವುದು ತಪ್ಪಿದ ಮಗು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಬೀಜಗಣಿತ ನೋಡಿದರೆ ಹೆದರುವ ಹಾಗೆ ಆಗಿರುತ್ತದೆ. ಆಗ ಮೂರು ತಿಂಗಳಲ್ಲಿ ಏನು ತಾನೇ ತುಂಬಲು ಆಗುತ್ತದೆ?

ಹೋಂವರ್ಕ್ ಎಷ್ಟಿರಬೇಕು ಅನ್ನುವುದೂ ಬರೆದಿಟ್ಟ ವಿಷಯವೇ. ಕೇಂದ್ರ ಶಿಕ್ಷಣ ಸಚಿವಾಲಯ 2020ರಲ್ಲಿ ಶಾಲಾ ಬ್ಯಾಗ್ ನೀತಿ ತಂದಿತು. ಬ್ಯಾಗಿನ ತೂಕದ ಬಗ್ಗೆ ಎಲ್ಲರೂ ಮಾತಾಡಿದರು, ಅದರೊಳಗಿದ್ದ ಹೋಂವರ್ಕ್ ಮಾತು ಮಾತ್ರ ಯಾರ ಕಿವಿಗೂ ಬಿದ್ದ ಹಾಗಿಲ್ಲ. ಎರಡನೇ ತರಗತಿವರೆಗೆ ಹೋಂವರ್ಕೇ ಬೇಡ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ, ಒಂಬತ್ತರಿಂದ ಮೇಲೆ ದಿನಕ್ಕೆ 2 ಗಂಟೆ. ಗಮನಿಸಿ, ಮೂರನೇ ತರಗತಿ ಮಗುವಿಗೆ ವಾರಕ್ಕೆ 2 ಗಂಟೆ, ದಿನಕ್ಕಲ್ಲ. ಒಂದನೇ ತರಗತಿ ಮಕ್ಕಳು ಒಂದರಿಂದ ನೂರರವರೆಗೆ ಐದು ಸಲ ಬರೆದುಕೊಂಡು ಬರಬೇಕು ಅಂತ ಅಳುತ್ತಾ ಕೂರುವುದನ್ನು ನಾನು ನೋಡಿದ್ದೇನೆ. ನೀತಿ ಇದ್ದೂ ಹೀಗೆ ಯಾಕೆ?

ಚಿಕ್ಕ ಮಕ್ಕಳಿಗೆ ಜಾಸ್ತಿ ಕೊಟ್ಟರೆ ಜಾಸ್ತಿ ಕಲಿಯುತ್ತಾರೆ ಅನ್ನುವ ನಂಬಿಕೆ ನಮ್ಮ ಪೋಷಕರಲ್ಲೂ ಗಟ್ಟಿಯಾಗಿ ಕೂತಿದೆ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ 1987ರಿಂದ 2003ರವರೆಗೆ ನಡೆದ ಹೋಂವರ್ಕ್ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ 2006ರಲ್ಲಿ ಪ್ರಕಟಿಸಿದರು. ಹೋಂವರ್ಕ್ ಮತ್ತು ಕಲಿಕೆಯ ನಂಟು ಏಳನೇ ತರಗತಿಯಿಂದ ಮೇಲೆ ಗಟ್ಟಿಯಾಗಿ ಕಂಡಿತು, ಅದಕ್ಕಿಂತ ಚಿಕ್ಕವರಲ್ಲಿ ತೀರಾ ತೆಳುವಾಗಿತ್ತು. ಹಾಗಂತ ನಾನು ಹೋಂವರ್ಕ್ ತೆಗೆದುಬಿಡಿ ಅನ್ನುವವಳಲ್ಲ. ಮಗ್ಗಿ ಬಾಯಿಗೆ ಬರಬೇಕಾದರೆ ಹೇಳಿ ಹೇಳಿಯೇ ಬರಬೇಕು, ಓದಿ ಓದಿಯೇ ಓದು ಸಲೀಸಾಗಬೇಕು. ಮಗು ತಾನೇ ಕೂತು ಮಾಡುವ ಅಭ್ಯಾಸಕ್ಕೆ ಬೆಲೆ ಇದೆ. ಆದರೆ ಗೊತ್ತಿಲ್ಲದ್ದನ್ನು ಇಪ್ಪತ್ತು ಸಲ ತಪ್ಪಾಗಿ ಮಾಡಿದರೆ ಆ ತಪ್ಪೇ ಅಭ್ಯಾಸವಾಗುತ್ತದೆ.

ಇನ್ನು ಮನೆಯ ಪರಿಸ್ಥಿತಿ. ಈಗ ತುಂಬಾ ಶಾಲೆಗಳು ಹೋಂವರ್ಕನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತವೆ. ಮನೆಗೆ ಇರುವುದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಮರುದಿನ ಶಾಲೆಯಲ್ಲಿ 'ಮೆಸೇಜ್ ನೋಡಲಿಲ್ಲವಾ?' ಅಂತ ಮಗುವನ್ನು ಕೇಳುತ್ತಾರೆ. ಅದು ಏನು ಹೇಳಬೇಕು ಪಾಪ? ಪ್ರಾಜೆಕ್ಟ್ ವಿಷಯವಂತೂ ಕೇಳಲೇಬೇಡಿ. ಸೌರಮಂಡಲ, ಜ್ವಾಲಾಮುಖಿ, ಥರ್ಮಾಕೋಲಿನಲ್ಲಿ ಮನೆ. ಮಾಡುವುದು ಅಮ್ಮಂದಿರು, ಇಲ್ಲವೇ ಪ್ರಿಂಟ್ ಅಂಗಡಿಯವರು. ಮಾರ್ಕ್ಸ್ ಸಿಗುವುದು ಚೆಂದ ಕಂಡದ್ದಕ್ಕೆ. ತಾನೇ ಕತ್ತರಿಸಿ ಅಂಟಿಸಿದ ಮಗುವಿನ ಮಾಡೆಲ್ ಸೊಟ್ಟಗಿರುತ್ತದೆ, ಅದು ಮೇಜಿನ ಹಿಂದಿನ ಸಾಲಿಗೆ ಹೋಗುತ್ತದೆ. ನನಗೆ ಇದು ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಈ ಅಂತರ ನಮ್ಮಲ್ಲಿ ಮಾತ್ರ ಇರುವುದಲ್ಲ. ಹೆಚ್ಚಾಗಿ ಮುಂದುವರಿದ ದೇಶಗಳೇ ಇರುವ ಒಇಸಿಡಿ ಸಂಘಟನೆ ಬೇರೆ ಬೇರೆ ದೇಶಗಳ ಮಕ್ಕಳಿಗೆ ಪೀಸಾ ಅನ್ನುವ ಪರೀಕ್ಷೆ ನಡೆಸುತ್ತದೆ. 2012ರ ಆ ಪರೀಕ್ಷೆಯ ಹೊತ್ತಿಗೆ 15 ವರ್ಷದ ಮಕ್ಕಳನ್ನು ಕೇಳಿದಾಗ, ಅನುಕೂಲಸ್ಥ ಮನೆಯ ಮಕ್ಕಳು ಹೋಂವರ್ಕಿಗೆ ವಾರಕ್ಕೆ ಸರಾಸರಿ 5.7 ಗಂಟೆ ಕೊಡುತ್ತಿದ್ದರು, ಬಡ ಮನೆಯ ಮಕ್ಕಳು 4.1 ಗಂಟೆ. ಕೂರಲು ಜಾಗ, ಸದ್ದಿಲ್ಲದ ಹೊತ್ತು, ಕೇಳಲು ಒಬ್ಬರು ಇಲ್ಲದಿದ್ದರೆ ಎಷ್ಟು ಹೊತ್ತು ಅಂತ ಕೂರುತ್ತಾರೆ ಹೇಳಿ.

ಫ್ರಾನ್ಸ್ ಇದಕ್ಕೆ ಮಾಡಿದ ಕೆಲಸ ನನಗೆ ಇಷ್ಟ. ಅಲ್ಲಿ ಪ್ರಾಥಮಿಕ ಶಾಲೆ ಮಕ್ಕಳಿಗೆ ಮನೆಯಲ್ಲಿ ಬರೆಯುವ ಕೆಲಸ ಕೊಡಬಾರದು ಅಂತ 1956ರಲ್ಲೇ ಸುತ್ತೋಲೆ ಹೊರಡಿಸಿದ್ದರು. 2017ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟು, ಪ್ರಾಥಮಿಕ ಮುಗಿಸಿ ಮುಂದಿನ ಶಾಲೆಗೆ ಬಂದ ಮಕ್ಕಳಿಗೆ ಶಾಲೆಯಲ್ಲೇ ಹೋಂವರ್ಕ್ ಮಾಡಿ ಮುಗಿಸುವ ಹೊತ್ತು ಶುರು ಮಾಡಿತು. ಉಚಿತ. ಶಿಕ್ಷಕರು ಇರುತ್ತಾರೆ, ಸಹಾಯಕರು ಇರುತ್ತಾರೆ, ಸೇವೆಗೆ ಬಂದ ಯುವಕರೂ ಇರುತ್ತಾರೆ. ಮೊದಲು ಬೇಕಾದವರಿಗೆ ಮಾತ್ರ ಇತ್ತು, 2023ರಿಂದ ಆ ಶಾಲೆಗಳ ಮೊದಲ ವರ್ಷದ ಮಕ್ಕಳಿಗೆ ಕಡ್ಡಾಯವಾಯಿತು. ಅವರದ್ದನ್ನೇ ಹಾಗೆಯೇ ತಂದು ಇಲ್ಲಿ ಹಾಕಿ ಅನ್ನುತ್ತಿಲ್ಲ. ಶಾಲೆ ಕೊಟ್ಟ ಕೆಲಸಕ್ಕೆ ಶಾಲೆಯೇ ಜೊತೆಗಿರಬೇಕು ಅಂತ ಒಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದು ಮುಖ್ಯ.

ಮೊಬೈಲ್ ಬಗ್ಗೆ ಹೇಳದೆ ಈ ಪತ್ರ ಮುಗಿಯುವುದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೋಂವರ್ಕ್ ಸಹಾಯದ ರೂಪವೇ ಬದಲಾಗಿದೆ. ಪ್ರಶ್ನೆಯ ಫೋಟೋ ಹಾಕಿದರೆ ಉತ್ತರ ಹಂತ ಹಂತವಾಗಿ ಬಂದು ಬೀಳುತ್ತದೆ. ಅದಕ್ಕೂ ಮುಂಚೆ ಗೈಡ್ ಇತ್ತು, ದುಡ್ಡು ಕೊಟ್ಟರೆ ಅಸೈನ್‌ಮೆಂಟ್ ಬರೆದುಕೊಡುವವರು ಇದ್ದರು, ಇಂಗ್ಲೆಂಡಿನಲ್ಲಿ 2022ರಲ್ಲಿ ಕಾಲೇಜು ಹಂತದ ಅಂಥ ವ್ಯಾಪಾರವನ್ನು ಕಾನೂನು ತಂದು ಅಪರಾಧ ಮಾಡಬೇಕಾಯಿತು. ಮಕ್ಕಳು ಮೋಸ ಮಾಡುತ್ತಿದ್ದಾರೆ ಅಂತ ಬೈಯುವುದು ಸುಲಭ. ಆದರೆ ರಾತ್ರಿ ಒಂಬತ್ತಕ್ಕೆ ಎಂಟನೇ ತರಗತಿ ಹುಡುಗನಿಗೆ ಒಂದು ಲೆಕ್ಕ ಬಿಡಿಸಲು ಬರುತ್ತಿಲ್ಲ, ಕೇಳಲು ಯಾರೂ ಇಲ್ಲ, ಬೆಳಿಗ್ಗೆ ನೋಟ್‌ಬುಕ್ ಖಾಲಿ ಇದ್ದರೆ ಏಟು ಇಲ್ಲವೇ ಅವಮಾನ. ಅವನು ಮೊಬೈಲ್ ಕೇಳದೆ ಇನ್ನೇನು ಮಾಡಬೇಕು? ಅದೇ ಹುಡುಗನ ಪಕ್ಕ ಕೂತು, ಉತ್ತರ ಕೇಳಬೇಡ, ಮೊದಲ ಹೆಜ್ಜೆ ಏನು ಅಂತ ಮಾತ್ರ ಕೇಳು, ಆಮೇಲೆ ಮೊಬೈಲ್ ಮುಚ್ಚಿಟ್ಟು ನೀನೇ ಮಾಡು ಅಂದೆ. ಮಾಡಿದ. ಮುಂದಿನ ಲೆಕ್ಕಕ್ಕೆ ಮೊಬೈಲ್ ಕೇಳಲೇ ಇಲ್ಲ. ಬೇಡ ಅಂತ ನಿಷೇಧ ಹಾಕಿದರೆ ಕದ್ದು ನೋಡುತ್ತಾರೆ. ಹೇಗೆ ಕೇಳಬೇಕು ಅಂತ ಕಲಿಸುವವರು ಇದ್ದರೆ ಅದೂ ಒಂದು ಸಾಧನ.

ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹಾಕಿ ಅಂತ ದಯವಿಟ್ಟು ಇದನ್ನು ಓದಬೇಡಿ. ಕೆಂಪು ಇಂಟು ಹಾಕಿದ ಆ ಶಿಕ್ಷಕಿಯ ಮೇಜಿನ ಮೇಲೆ ಅವತ್ತು ಎಷ್ಟು ನೋಟ್‌ಬುಕ್ ಇದ್ದವೋ. ಒಂದೊಂದು ಮಗುವನ್ನೂ ಕರೆದು ಹೇಗೆ ಬಂತು ಅಂತ ಕೇಳಲು ಅವರಿಗೆ ಹೊತ್ತೆಲ್ಲಿದೆ? ಐದನೇ ತರಗತಿವರೆಗಿನ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಅನ್ನುವುದು ಶಿಕ್ಷಣ ಹಕ್ಕು ಕಾಯ್ದೆಯ ಸಾಮಾನ್ಯ ಲೆಕ್ಕ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಎಳೆಯಬಾರದು ಅಂತಲೂ 27ನೇ ಸೆಕ್ಷನ್ ಹೇಳುತ್ತದೆ. ಆ ಎರಡನ್ನು ಪಾಲಿಸಿದರೇ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಬೇರೆ ಜನ ಸಿಗುತ್ತಾರೆ. ಬಿಎಡ್, ಡಿಎಡ್ ಓದುತ್ತಿರುವವರಿಗೆ ಹೇಗೂ ಶಾಲೆಯಲ್ಲಿ ತರಬೇತಿ ಇರುತ್ತದೆ, ಈ ಗಂಟೆಯನ್ನು ಅದರೊಳಗೆ ಸೇರಿಸಬಹುದು. ಊರಿನಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ಅವರಿಗೆ ಗೌರವಧನ ಕೊಡಿ, ತಿಂಗಳು ತಿಂಗಳು ಸರಿಯಾಗಿ ಕೊಡಿ. ಸೇವೆ ಅಂತ ಹೇಳಿ ಪುಕ್ಕಟೆ ದುಡಿಸಿಕೊಂಡರೆ ಎರಡು ತಿಂಗಳಿಗೆ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಶಾಲೆಗೆ ದೂರದಿಂದ ಬರುವ ಮಕ್ಕಳ ಬಸ್ಸಿನ ಹೊತ್ತು, ಕತ್ತಲಾದ ಮೇಲೆ ಹೆಣ್ಣುಮಕ್ಕಳು ಮನೆ ಸೇರುವುದು, ಇವನ್ನು ಮೊದಲೇ ಯೋಚಿಸಿ. ಸಂಜೆ ಆಗದ ಕಡೆ ಬೆಳಿಗ್ಗೆ ಇಡಿ, ಅಥವಾ ಕೊನೆಯ ಪೀರಿಯಡ್ಡನ್ನೇ ಬಿಟ್ಟುಕೊಡಿ.

ಇನ್ನೊಂದು ಮಾತು. ಈ ಗಂಟೆಯಲ್ಲಿ ಮತ್ತೆ ಬೋರ್ಡಿನ ಮುಂದೆ ನಿಂತು ಪಾಠ ಮಾಡಬಾರದು. ಮಕ್ಕಳು ತಮ್ಮ ಕೆಲಸ ಮಾಡಲಿ, ಸಿಕ್ಕಿಕೊಂಡವರು ಕೈ ಎತ್ತಲಿ, ದೊಡ್ಡವರು ಅಲ್ಲಿಗೆ ಹೋಗಲಿ. ಬೆಳಿಗ್ಗೆ ನೋಟ್‌ಬುಕ್ ನೋಡುವ ಶಿಕ್ಷಕರಿಗೆ ಒಂದು ಚೀಟಿ ಹೋಗಲಿ: ಈ ಮಗುವಿಗೆ ಸೊನ್ನೆ ಇರುವ ಕಡೆ ಕಳೆಯಲು ಬರುತ್ತಿಲ್ಲ, ಇನ್ನೊಬ್ಬನಿಗೆ ಪ್ರಶ್ನೆ ಓದಲಿಕ್ಕೇ ಕಷ್ಟ, ಲೆಕ್ಕ ಬರುತ್ತದೆ. ಹಾಗಾದರೆ ಶಿಕ್ಷಕರಿಗೂ ಮರುದಿನ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುತ್ತದೆ.

ಒಂದೇ ಸಲ ಎಲ್ಲಾ ಶಾಲೆಗೂ ಮಾಡಿ ಅನ್ನುವುದಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಪ್ರತಿ ತಾಲ್ಲೂಕಿನಲ್ಲಿ ಕೆಲವು ಸರ್ಕಾರಿ ಶಾಲೆಗಳನ್ನು ಆರಿಸಿ, ಮೂರರಿಂದ ಎಂಟನೇ ತರಗತಿವರೆಗೆ ಶುರು ಮಾಡಿ. ಬಜೆಟ್ಟಿನಲ್ಲಿ ಅದಕ್ಕೇ ಅಂತ ಪ್ರತ್ಯೇಕವಾಗಿ ಹಣ ಇಡಿ. 2020ರ ನೀತಿಯ ಹೋಂವರ್ಕ್ ಮಿತಿಯನ್ನು ಖಾಸಗಿ ಶಾಲೆಗಳೂ ಸೇರಿ ಎಲ್ಲರಿಗೂ ಸುತ್ತೋಲೆಯಲ್ಲಿ ಕಳಿಸಿ, ಪೋಷಕರ ಸಭೆಯಲ್ಲಿ ಓದಿ ಹೇಳಲು ಸೂಚಿಸಿ. ವರ್ಷದ ಕೊನೆಗೆ ಆ ಶಾಲೆಗಳಲ್ಲಿ ಏನಾಯಿತು, ಎಷ್ಟು ಮಕ್ಕಳು ಬಂದರು, ಏನು ಸರಿಹೋಗಲಿಲ್ಲ ಅನ್ನುವುದನ್ನು ಮುಚ್ಚಿಡದೆ ಜನರ ಮುಂದಿಡಿ. ಶಾಲೆ ಶುರುವಾಗುವ ಮುಂಚೆ ಇದಕ್ಕೆ ನಿಮ್ಮ ಉತ್ತರ ಬರುತ್ತದೆ ಅಂತ ಕಾಯುತ್ತಿದ್ದೇನೆ.

ಇಂತಿ,
ಸಂಜೆ ಹೊತ್ತು ಮಕ್ಕಳ ಹೋಂವರ್ಕ್ ನೋಡುವ ಒಬ್ಬ ತಾಯಿ