ಸರ್ವೀಸ್ ಮುಂದೂಡುವ ಮೊದಲು ಗಾಡಿ ಒಮ್ಮೆ ತೋರಿಸಿ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಬ್ಯಾಡಗಿ ಗ್ಯಾರೇಜಿನಲ್ಲಿ ‘ಜನರಲ್ ಸರ್ವೀಸ್’ ಅಂತ ಒಂದೇ ದರದ ಕೆಲಸ ಇರುವುದಿಲ್ಲ. ಬೈಕ್ ಬಂದ ಕೂಡಲೇ ಹತ್ತು ನಿಮಿಷ ತಪಾಸಣೆ ಮಾಡುತ್ತೇವೆ, ಅದಕ್ಕೆ ಕೂಲಿ ಇಲ್ಲ. ಯಾವ ಕೆಲಸ ಈಗಲೇ ಆಗಬೇಕು, ಯಾವುದು ಇನ್ನೆಷ್ಟು ಕಿ.ಮೀ. ತಡೆಯುತ್ತದೆ ಎಂದು ಚೀಟಿ ಬರೆದು ಕೊಡುತ್ತೇವೆ. ಮಾಡಿಸಿದ ಕೆಲಸಕ್ಕಷ್ಟೇ ದುಡ್ಡು.

ಮೆಣಸಿನಕಾಯಿ ಸುಗ್ಗಿಯಲ್ಲಿ ಗಾಡಿ ಒಂದು ದಿನ ಬಿಟ್ಟಿರುವುದೂ ಕಷ್ಟ. ಹಾಗಾಗಿ “ಇನ್ನೊಂದು ತಿಂಗಳು ಓಡಿಸಬಹುದಾ?” ಎಂದು ಬಹಳ ಮಂದಿ ಕೇಳುತ್ತೀರಿ. ಕೆಲವಕ್ಕೆ ಓಡಿಸಬಹುದು, ಕೆಲವಕ್ಕೆ ಖಂಡಿತ ಬೇಡ.

ಮೊದಲು ಆಯಿಲ್. ನೂರು ಸಿಸಿ ಬೈಕಿನಲ್ಲಿ ಇರುವುದೇ ಒಂದು ಲೀಟರಿನೊಳಗೆ. ಇನ್ನೂರು ಮಿಲಿ ಸುಟ್ಟು ಹೋದರೆ ಐದರಲ್ಲೊಂದು ಪಾಲು ಹೋದಂತೆ. ಗೇರು, ಕ್ಲಚ್ಚು ಎರಡಕ್ಕೂ ಅದೇ ಆಯಿಲ್. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ಆಫ್ ಮಾಡಿ ಅಷ್ಟೇ ಹೊತ್ತು ಬಿಡಿ. ಡಬಲ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಒರೆಸಿ, ತಿರುಪದೆ ಬರೀ ಇಳಿಸಿ ತೆಗೆದು ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇದ್ದರೆ, ಗಾಡಿಯ ಕೈಪಿಡಿಯಲ್ಲಿರುವ ಅವಧಿ ಮೀರಿ ಮುನ್ನೂರು ನಾನೂರು ಕಿ.ಮೀ. ಆದರೂ ನಾವು ಹೆದರಿಸುವುದಿಲ್ಲ. ಕೆಳಗಿನ ಗೆರೆ ದಾಟಿದ್ದರೆ ಒಂದು ದಿನವೂ ಕಾಯಬೇಡಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಜಿಡ್ಡು ಕಂಡರೆ ಆಯಿಲ್‌ಗೆ ನೀರು ಸೇರಿದೆ ಎಂದರ್ಥ. ಮನೆಯಿಂದ ಅಂಗಡಿಗೆ ಎರಡು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಹೀಗಾಗುವುದು ಹೆಚ್ಚು, ಏಕೆಂದರೆ ಆ ತೇವ ಆರುವಷ್ಟು ಎಂಜಿನ್ ಕಾಯುವುದೇ ಇಲ್ಲ. ಇಂಥ ಗಾಡಿಗೆ ಕಿ.ಮೀ. ಲೆಕ್ಕ ಹಿಡಿಯಬೇಡಿ, ತಿಂಗಳ ಲೆಕ್ಕ ಹಿಡಿಯಿರಿ. ಕಾರಿನ ಆಯಿಲ್ ಉಳಿದಿದೆ ಎಂದು ಹಾಕಿಸಬೇಡಿ, ಕ್ಲಚ್ ಸ್ಲಿಪ್ ಆಗುತ್ತದೆ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬ ಗುರುತು) ಇರಲೇಬೇಕು.

ನಮಗೆ ಹೆಚ್ಚು ಕಳವಳ ಟ್ಯಾಪೆಟ್, ಅಂದರೆ ಎಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಭಾಗದ ವಿಷಯದಲ್ಲಿ. ಟಿಕ್ ಟಿಕ್ ಸದ್ದು ಬಂದರೆ ಎಲ್ಲರೂ ಓಡಿ ಬರುತ್ತೀರಿ. ಸದ್ದು ಮಾಡುವ ಟ್ಯಾಪೆಟ್ ಲೂಸ್ ಆಗಿರುತ್ತದೆ, ಸಾಮಾನ್ಯವಾಗಿ ಕೆಲವು ದಿನ ತಡೆಯುತ್ತದೆ. ಸದ್ದೇ ಇಲ್ಲದೆ ಬಿಗಿಯಾಗಿರುವುದು ಅಪಾಯ. ವಾಲ್ವ್ ಮುಚ್ಚಿದಾಗ ಕೂರುವ ಸೀಟು ಸವೆದಂತೆ ವಾಲ್ವ್ ಒಳಗೆ ಕೂರುತ್ತಾ ಹೋಗಿ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಗ್ಯಾಪ್ ಕಡಿಮೆಯಾಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿ ಗ್ಯಾಸ್ ಸೋರಿ ಎಕ್ಸಾಸ್ಟ್ ವಾಲ್ವಿನ ಅಂಚು ಸುಡುತ್ತದೆ. ಕಿಕ್ಕರ್ ಹಗುರ ಅನ್ನಿಸುವುದು, ಕಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು, ಪಿಕಪ್ ಇಳಿಯುವುದು ಇದರ ಗುರುತು. ಇವುಗಳಲ್ಲಿ ಒಂದು ಕಂಡರೂ ಮುಂದೂಡಬೇಡಿ. ಗ್ಯಾಪ್ ಸರಿಮಾಡುವುದು ಅರ್ಧ ಗಂಟೆಯ ಕೆಲಸ, ವಾಲ್ವ್ ಸುಟ್ಟರೆ ಹೆಡ್ಡೇ ಬಿಚ್ಚಬೇಕು.

ಏರ್ ಫಿಲ್ಟರ್ ವಿಷಯದಲ್ಲಿ ನಿಮ್ಮ ರಸ್ತೆ ನೋಡಿ ಹೇಳುತ್ತೇವೆ. ಟಾರ್ ರಸ್ತೆಯಲ್ಲೇ ಓಡುವ ಗಾಡಿಗೆ ಕೈಪಿಡಿಯ ಅವಧಿ ಸಾಕು, ಹೊಲದ ಧೂಳಿನ ದಾರಿಯಾದರೆ ಅದರ ಅರ್ಧಕ್ಕೇ ಬದಲಿಸಿ. ಜಿಡ್ಡು ಸವರಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಸಬೇಡಿ, ತೊಳೆಯಲೂ ಬೇಡಿ. ಪ್ಲಗ್ ಚೆನ್ನಾಗಿ ಕಿಡಿ ಕೊಡುತ್ತಿದ್ದು ತುದಿ ಕಂದು ಬಣ್ಣಕ್ಕಿದ್ದರೆ ಮುಂದಿನ ಸಲ ನೋಡಿದರಾಯಿತು. ವಾಟರ್ ವಾಶ್, ಪಾಲಿಶ್ ಯಾವಾಗ ಬೇಕಾದರೂ ಮಾಡಿಸಿ.

ಒಂದು ಕೋರಿಕೆ. ಟ್ಯಾಪೆಟ್ ಗ್ಯಾಪನ್ನು ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಅಳೆಯಬೇಕು. ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಎಲೆ ಟ್ಯಾಪೆಟ್ ಸ್ಕ್ರೂ ಮತ್ತು ವಾಲ್ವಿನ ನಡುವೆ ತುಸು ತಡೆದು ಜಾರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ತಿರುಗಿಬಿಡುವುದುಂಟು, ಅದಕ್ಕೇ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯುತ್ತೇವೆ. ಹಾಗಾಗಿ ಟ್ಯಾಪೆಟ್ ಕೆಲಸವಿದ್ದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಿ, ಬೆಳಿಗ್ಗೆ 10 ಗಂಟೆಗೆ ಸಿದ್ಧವಿರುತ್ತದೆ. ಬರುವಾಗ ಹಿಂದಿನ ಬಿಲ್ ಇದ್ದರೆ ತನ್ನಿ, ಆಯಿಲ್ ಬದಲಿಸಿದ ಕಿ.ಮೀ. ಅದರಲ್ಲಿರುತ್ತದೆ.

ಇಂತಿ,
ನಿಮ್ಮ ಗ್ಯಾರೇಜಿನ ಕೆಲಸಗಾರರು